ಮುಚ್ಚಿದ ಬಾಗಿಲಿನಿಂದ ಕಾನೂನಿನ ಬಾಗಿಲಿಗೆ: ಕ್ಯಾರೊಲಿನ್ ನಾರ್ಟನ್ ಎಂಬ ಹೆಂಡತಿಯ ಹೋರಾಟ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಕೆಲವು ಮನೆಗಳಲ್ಲಿ ಜಗಳ ಉಂಡರೂ ಮುಗಿಯುವುದಿಲ್ಲ, ಮಲಗಿದರೂ ಮುಗಿಯುವುದಿಲ್ಲ. ಒಂದು ದಿನ ಹೆಂಡತಿ ಹೊರಗೆ ಹೋಗಿ ಬರುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಬಟ್ಟೆಬರೆ, ಒಡವೆ, ಕಾಗದಪತ್ರ, ಕೆಲವೊಮ್ಮೆ ಮಕ್ಕಳೂ ಒಳಗೇ ಉಳಿಯುತ್ತಾರೆ. ಮುಂದೇನು?

ಇಂದು ಮುಂಬೈನಲ್ಲಾಗಲಿ, ಹೈದರಾಬಾದಿನಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ ಇಂಥ ಹೆಣ್ಣುಮಗಳು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಹೊಡೆಯಬಾರದು, ಬೆದರಿಸಬಾರದು, ಮನೆಯಿಂದ ಹೊರಹಾಕಬಾರದು ಎಂದು ಗಂಡನಿಗೆ ಆದೇಶ ಕೊಡಿಸಬಹುದು. ಸುಮಾರು 190 ವರ್ಷಗಳ ಹಿಂದೆ ಲಂಡನ್ನಿನಂಥ ನಗರದಲ್ಲೂ ಇದು ಸಾಧ್ಯವಿರಲಿಲ್ಲ. ಪ್ರಧಾನಮಂತ್ರಿಯನ್ನೇ ಸ್ನೇಹಿತನನ್ನಾಗಿ ಪಡೆದಿದ್ದ, ಪುಸ್ತಕ ಬರೆದು ಹೆಸರು ಮಾಡಿದ್ದ ಹೆಂಗಸಿಗೂ ಸಾಧ್ಯವಿರಲಿಲ್ಲ. ಆ ಹೆಂಗಸೇ ಕ್ಯಾರೊಲಿನ್ ನಾರ್ಟನ್. ತನ್ನ ಮನೆಯ ಬಾಗಿಲು ತನಗೇ ಮುಚ್ಚಿದಾಗ ಆಕೆ ಸುಮ್ಮನೆ ಕೂರಲಿಲ್ಲ. ಪಾರ್ಲಿಮೆಂಟಿನ ಬಾಗಿಲು ತಟ್ಟಿದಳು.

ಶೆರಿಡನ್ ಮನೆತನದ ಮೊಮ್ಮಗಳು

ಕ್ಯಾರೊಲಿನ್ ಹುಟ್ಟಿದ್ದು 1808ರ ಮಾರ್ಚ್ 22ರಂದು, ಲಂಡನ್ನಿನಲ್ಲಿ. ಆಕೆಯ ಅಜ್ಜ ರಿಚರ್ಡ್ ಬ್ರಿನ್ಸ್ಲಿ ಶೆರಿಡನ್ ಹೆಸರಾಂತ ನಾಟಕಕಾರ, ಜೊತೆಗೆ ಸಂಸದ. ಭಾರತದ ಚರಿತ್ರೆ ಓದಿದವರಿಗೆ ಈ ಹೆಸರು ಪರಿಚಿತ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ದೋಷಾರೋಪ ಹೊರಿಸುವ ಚರ್ಚೆಯಲ್ಲಿ, ಅವಧ್‌ನ ಬೇಗಂಗಳ ಸಂಪತ್ತನ್ನು ಕಿತ್ತುಕೊಂಡ ಪ್ರಕರಣದ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಸಂಸತ್ತನ್ನೇ ಅಲುಗಾಡಿಸಿದವರು ಅವರು. ಮನೆಯಿಂದ, ಆಸ್ತಿಯಿಂದ ಹೆಂಗಸರನ್ನು ವಂಚಿಸುವುದರ ವಿರುದ್ಧ ಮಾತಾಡಿದ ಆ ಅಜ್ಜನಿಗೆ, ಮುಂದೆ ತನ್ನ ಮೊಮ್ಮಗಳಿಗೂ ಅದೇ ಗತಿ ಬರುತ್ತದೆಂದು ಗೊತ್ತಿರಲು ಸಾಧ್ಯವಿರಲಿಲ್ಲ.

ದೊಡ್ಡ ಹೆಸರಿತ್ತು, ಕೈಯಲ್ಲಿ ಕಾಸಿರಲಿಲ್ಲ. ತಂದೆ ಥಾಮಸ್ ಶೆರಿಡನ್ ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನಲ್ಲಿ ನೌಕರಿಗೆ ಹೋಗಿ, 1817ರಲ್ಲಿ ಅಲ್ಲೇ ತೀರಿಕೊಂಡರು. ವಿಧವೆ ತಾಯಿಗೆ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ರಾಜಮನೆತನದ ಕೃಪೆಯಿಂದ ಕೆಲವು ಕೋಣೆಗಳು ಸಿಕ್ಕವು. ಹೆಲೆನ್, ಕ್ಯಾರೊಲಿನ್, ಜಾರ್ಜಿಯಾನಾ ಎಂಬ ಮೂವರು ಅಕ್ಕತಂಗಿಯರು ರೂಪಕ್ಕೂ ಮಾತಿಗೂ ಹೆಸರಾಗಿದ್ದರು. ವರದಕ್ಷಿಣೆ ಕೊಡುವ ಶಕ್ತಿಯಿಲ್ಲದ ತಾಯಿಗೆ ಹೆಣ್ಣುಮಕ್ಕಳನ್ನು ಬೇಗ ದಡ ಸೇರಿಸುವ ಆತುರ. ಈ ಚಿಂತೆ ನಮ್ಮಲ್ಲಿ ಯಾರಿಗೆ ತಾನೇ ಗೊತ್ತಿಲ್ಲ?

1827ರ ಜುಲೈ 30ರಂದು, 19ನೇ ವಯಸ್ಸಿಗೆ, ಕ್ಯಾರೊಲಿನ್ ಮದುವೆ ಜಾರ್ಜ್ ನಾರ್ಟನ್ ಜೊತೆ ನಡೆಯಿತು. ಆತ ಬ್ಯಾರಿಸ್ಟರ್, ಗಿಲ್ಡ್‌ಫರ್ಡ್ ಕ್ಷೇತ್ರದ ಸಂಸದ, ಲಾರ್ಡ್ ಗ್ರಾಂಟ್ಲಿಯ ತಮ್ಮ. ಕಾಗದದ ಮೇಲೆ ನೋಡಿದರೆ ಒಳ್ಳೆಯ ಸಂಬಂಧ.

ಹೊಡೆತ, ಬರಹ ಮತ್ತು ನೌಕರಿ

ಮದುವೆಯಾದ ಕೆಲವೇ ವಾರಗಳಲ್ಲಿ ಹೊಡೆತ ಶುರುವಾಯಿತು. ರಾಜಕೀಯದಲ್ಲೂ ಇಬ್ಬರದು ಎರಡು ದಾರಿ. ಜಾರ್ಜ್ ಟೋರಿ, ಆಕೆ ವಿಗ್ ಪಕ್ಷದ ಮನೆತನದವಳು. ಮಾತಿನಲ್ಲಿ ಸೋತಾಗಲೆಲ್ಲ ಆತ ಕೈ ಎತ್ತುತ್ತಿದ್ದ. ಮಸಿಕುಡಿಕೆ, ಕಾನೂನು ಪುಸ್ತಕ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ ಎಂದು ಆಕೆ ಮುಂದೆ ಬರೆದಿದ್ದಾಳೆ. ಆಕೆ ತವರಿನವರ ಬಳಿ ಹೋಗುವುದು, ಆತ ಕ್ಷಮೆ ಕೇಳುವುದು, ಮತ್ತೆ ಆಕೆ ಮರಳುವುದು ಹಲವು ಸಲ ನಡೆಯಿತು. ಹೀಗೆ ಮರಳಿದ್ದೇ ಮುಂದೆ ಕಾನೂನಿನಲ್ಲಿ ಆಕೆಗೆ ಮುಳುವಾಯಿತು.

ಸಂಸಾರ ಸಾಗಿಸಲು ಗಂಡನ ಸಂಪಾದನೆ ಸಾಲುತ್ತಿರಲಿಲ್ಲ. ಕ್ಯಾರೊಲಿನ್ ಲೇಖನಿ ಹಿಡಿದಳು. 1829ರಲ್ಲಿ ಮೊದಲ ಕವನ ಸಂಕಲನ ಬಂತು. ಅದರ ಹಣದಿಂದಲೇ ಮೊದಲ ಮಗುವಿನ ಬಾಣಂತನದ ಖರ್ಚು ನೀಗಿತು. ನಂತರ ಇನ್ನೊಂದು ಸಂಕಲನ, ಕಾದಂಬರಿ, ಪತ್ರಿಕೆಗಳ ಸಂಪಾದಕತ್ವ. ಫ್ಲೆಚರ್, ಬ್ರಿನ್ಸ್ಲಿ, ವಿಲಿಯಂ ಎಂಬ ಮೂವರು ಗಂಡುಮಕ್ಕಳು ಹುಟ್ಟಿದರು.

1830ರ ಚುನಾವಣೆಯಲ್ಲಿ ಜಾರ್ಜ್ ಸಂಸದ ಸ್ಥಾನ ಹೋಯಿತು. ಗಂಡನಿಗೊಂದು ನೌಕರಿ ಕೊಡಿಸಲು ಕ್ಯಾರೊಲಿನ್ ಆಗ ಗೃಹಮಂತ್ರಿಯಾಗಿದ್ದ ಲಾರ್ಡ್ ಮೆಲ್ಬರ್ನ್‌ಗೆ ಪತ್ರ ಬರೆದಳು. 1831ರಲ್ಲಿ ಜಾರ್ಜ್ ಲಂಡನ್ನಿನ ಪೊಲೀಸ್ ಮ್ಯಾಜಿಸ್ಟ್ರೇಟ್ ಆದ. ವರ್ಷಕ್ಕೆ 1,000 ಪೌಂಡ್ ಸಂಬಳ. ಈ ಹುದ್ದೆಯನ್ನು ನೆನಪಿಡಿ. ಹೆಂಡತಿಯನ್ನು ಹೊಡೆಯುತ್ತಿದ್ದವನೇ ಬೀದಿ ಜಗಳಗಳ ತೀರ್ಪು ಕೊಡುವ ಕುರ್ಚಿಯಲ್ಲಿ ಕೂತಿದ್ದ, ಆ ಕುರ್ಚಿ ಸಿಕ್ಕಿದ್ದೂ ಹೆಂಡತಿಯ ಶಿಫಾರಸಿನಿಂದ.

1836ರ ಈಸ್ಟರ್: ಬೀಗ ಬಿದ್ದ ಮನೆ

1836ರ ಈಸ್ಟರ್ ಹಬ್ಬಕ್ಕೆ ಮಕ್ಕಳೊಂದಿಗೆ ಅಣ್ಣನ ಊರಿಗೆ ಹೋಗಲು ಕ್ಯಾರೊಲಿನ್ ಸಿದ್ಧತೆ ಮಾಡಿಕೊಂಡಿದ್ದಳು. ಜಾರ್ಜ್‌ನನ್ನು ಅಣ್ಣ ಕರೆದಿರಲಿಲ್ಲ. ಇದೇ ಜಗಳಕ್ಕೆ ಕಾರಣವಾಯಿತು. ಆಕೆ ಮನೆಯಲ್ಲಿಲ್ಲದ ಹೊತ್ತು ನೋಡಿ ಜಾರ್ಜ್ ಮೂವರು ಮಕ್ಕಳನ್ನೂ ಗಾಡಿ ಹತ್ತಿಸಿ ಬೇರೆಡೆಗೆ ಕಳಿಸಿಬಿಟ್ಟ. ಆಕೆಯನ್ನು ಒಳಗೆ ಬಿಡಕೂಡದೆಂದು ಆಳುಗಳಿಗೆ ತಾಕೀತು ಮಾಡಿದ. ಕಿರಿಯ ಮಗ ವಿಲಿಯಂಗೆ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ.

ಆಗ ಇಂಗ್ಲೆಂಡಿನ ಕಾನೂನು ಏನು ಹೇಳುತ್ತಿತ್ತು ನೋಡಿ. ಮದುವೆಯಾದ ಕೂಡಲೇ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಂದೇ ವ್ಯಕ್ತಿ, ಆ ವ್ಯಕ್ತಿ ಗಂಡ. ಇದಕ್ಕೆ ಕವರ್ಚರ್ ಎಂಬ ಹೆಸರು. ಮನೆ ಗಂಡನದು. ಹೆಂಡತಿಯ ಬಟ್ಟೆ, ಒಡವೆ, ಪುಸ್ತಕ ಗಂಡನದು. ಆಕೆ ದುಡಿದ ಹಣವೂ ಗಂಡನದು. ಮಕ್ಕಳ ಮೇಲಿನ ಹಕ್ಕು ತಂದೆಗೆ ಮಾತ್ರ. ಹೆಂಡತಿ ತನ್ನ ಹೆಸರಿನಲ್ಲಿ ದಾವೆ ಹೂಡುವಂತಿಲ್ಲ, ಕರಾರು ಮಾಡಿಕೊಳ್ಳುವಂತಿಲ್ಲ. ಹೀಗಿರುವಾಗ ಮನೆಯಿಂದ ಹೊರಹಾಕಿದ್ದರ ವಿರುದ್ಧ ಆಕೆ ಯಾವ ಕೋರ್ಟಿನಲ್ಲಿ ಏನೆಂದು ಕೇಳಬೇಕು? ಕಳ್ಳ ಮನೆಗೆ ನುಗ್ಗಿದ್ದರೆ ಪೊಲೀಸರನ್ನು ಕರೆಯಬಹುದಿತ್ತು. ಗಂಡ ಹೊರದಬ್ಬಿದರೆ ಕರೆಯಲು ಯಾರೂ ಇರಲಿಲ್ಲ.

ಪ್ರಧಾನಿಯ ಮೇಲೆ ದಾವೆ

ಜಾರ್ಜ್ ಅಷ್ಟಕ್ಕೆ ನಿಲ್ಲಲಿಲ್ಲ. ಹೆಂಡತಿಗೂ ಲಾರ್ಡ್ ಮೆಲ್ಬರ್ನ್‌ಗೂ ಅನೈತಿಕ ಸಂಬಂಧವಿದೆ ಎಂದು ಆರೋಪಿಸಿ 10,000 ಪೌಂಡ್ ಪರಿಹಾರ ಕೇಳಿ ದಾವೆ ಹೂಡಿದ. ಮೆಲ್ಬರ್ನ್ ಆಗ ಬ್ರಿಟನ್ನಿನ ಪ್ರಧಾನಮಂತ್ರಿ. 1836ರ ಜೂನ್ 22ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ವಿಚಾರಣೆ ನಡೆಯಿತು. ಕೋರ್ಟ್ ತುಂಬಿ ತುಳುಕುತ್ತಿತ್ತು. ಹಿಂದೆ ಕೆಲಸದಿಂದ ತೆಗೆದಿದ್ದ ಆಳುಗಳೇ ಮುಖ್ಯ ಸಾಕ್ಷಿಗಳು. ಅವರ ಮಾತು ನಿಲ್ಲಲಿಲ್ಲ. ಜ್ಯೂರಿಯವರು ಎದ್ದು ಒಳಗೆ ಹೋಗದೆ ಕೂತಲ್ಲೇ ಮೆಲ್ಬರ್ನ್ ಪರ ತೀರ್ಪು ಕೊಟ್ಟರು.

ಗಮನಿಸಬೇಕಾದ್ದು ಇದು. ಆ ಇಡೀ ದಿನ ಚರ್ಚೆಯಾದದ್ದು ಕ್ಯಾರೊಲಿನ್ ಶೀಲ. ಆದರೆ ಆಕೆ ಆ ದಾವೆಯಲ್ಲಿ ಪಕ್ಷಗಾರಳೇ ಅಲ್ಲ. ಆಕೆಗೆ ವಕೀಲರಿಲ್ಲ, ಸಾಕ್ಷಿ ಹೇಳುವ ಅವಕಾಶವೂ ಇಲ್ಲ. ಕಾನೂನಿನ ಪ್ರಕಾರ ಅದು ಇಬ್ಬರು ಗಂಡಸರ ನಡುವಿನ ವ್ಯಾಜ್ಯ, ಹೆಂಡತಿ ಹಾನಿಗೊಳಗಾದ ಸ್ವತ್ತು ಮಾತ್ರ.

ಗೆದ್ದರೂ ಆಕೆಗೆ ಸಿಕ್ಕಿದ್ದು ಏನೂ ಇಲ್ಲ. ಹೆಂಡತಿಯ ತಪ್ಪು ಸಾಬೀತಾಗದ ಕಾರಣ ಜಾರ್ಜ್ ವಿಚ್ಛೇದನ ಪಡೆಯುವಂತಿರಲಿಲ್ಲ. ಹೊಡೆತ ತಿಂದ ಮೇಲೂ ಆಕೆ ಗಂಡನ ಮನೆಗೆ ಮರಳಿದ್ದರಿಂದ ಆ ಕ್ರೌರ್ಯವನ್ನು ಕ್ಷಮಿಸಿದಂತೆ ಎಂದು ಕಾನೂನು ಭಾವಿಸುತ್ತಿತ್ತು. ಹಾಗಾಗಿ ಆಕೆಗೂ ಬಿಡುಗಡೆಯಿಲ್ಲ. ಪೂರ್ಣ ವಿಚ್ಛೇದನ ಬೇಕಿದ್ದರೆ ಆಗ ಪಾರ್ಲಿಮೆಂಟ್ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಿತ್ತು. 1857ರವರೆಗಿನ ಇಡೀ ಚರಿತ್ರೆಯಲ್ಲಿ ಹಾಗೆ ವಿಚ್ಛೇದನ ಪಡೆದ ಹೆಂಗಸರು ನಾಲ್ವರು ಮಾತ್ರ. ಕ್ಯಾರೊಲಿನ್‌ಗೆ ಗಂಡನಿದ್ದ, ಮನೆಯಿರಲಿಲ್ಲ. ಮಕ್ಕಳಿದ್ದರು, ನೋಡುವ ಹಕ್ಕಿರಲಿಲ್ಲ.

ಮಕ್ಕಳಿಗಾಗಿ ಬಂದ ಮೊದಲ ಕಾನೂನು

ಆಕೆ ಅತ್ತಳು, ಬೇಡಿದಳು, ಉದ್ಯಾನದಲ್ಲಿ ಮಕ್ಕಳ ಮುಖ ಕಾಣಲು ಕದ್ದು ಕಾದಳು. ಯಾವುದೂ ಫಲಿಸದಿದ್ದಾಗ ಕಾನೂನು ಪುಸ್ತಕ ಓದತೊಡಗಿದಳು. ತಾಯಿಯಿಂದ ಮಕ್ಕಳನ್ನು ಬೇರ್ಪಡಿಸುವ ಕಾನೂನು ಎಷ್ಟು ಅನ್ಯಾಯದ್ದು ಎಂದು ಕಿರುಹೊತ್ತಿಗೆಗಳನ್ನು ಬರೆದು ಸಂಸದರಿಗೆ ಹಂಚಿದಳು. ಒಂದನ್ನು ಪಿಯರ್ಸ್ ಸ್ಟೀವನ್‌ಸನ್ ಎಂಬ ಗಂಡಸಿನ ಹೆಸರಿನಲ್ಲಿ ಪ್ರಕಟಿಸಿದಳು. ಹೆಂಗಸು ಬರೆದದ್ದೆಂದರೆ ಸಂಸದರು ಪಕ್ಕಕ್ಕಿಡುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು.

ವಕೀಲ, ಸಂಸದ ಥಾಮಸ್ ಟಾಲ್ಫೋರ್ಡ್ ಮಸೂದೆ ಮಂಡಿಸಿದರು. 1838ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಮರುವರ್ಷ, 1839ರಲ್ಲಿ, ಮಕ್ಕಳ ಪಾಲನೆಯ ಕಾಯ್ದೆ ಜಾರಿಯಾಯಿತು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು, ಅದಕ್ಕಿಂತ ದೊಡ್ಡ ಮಕ್ಕಳನ್ನು ಭೇಟಿಯಾಗಲು ತಾಯಿ ಕೋರ್ಟಿಗೆ ಅರ್ಜಿ ಹಾಕಬಹುದು ಎಂದು ಮೊದಲ ಬಾರಿಗೆ ಇಂಗ್ಲೆಂಡಿನ ಶಾಸನ ಒಪ್ಪಿತು. ಆಕೆಯ ಶೀಲದ ಮೇಲೆ ಆರೋಪ ಸಾಬೀತಾಗಿರಬಾರದು ಎಂಬ ಷರತ್ತಿತ್ತು.

ಆದರೆ ಜಾರ್ಜ್ ಮಕ್ಕಳನ್ನು ಸ್ಕಾಟ್ಲೆಂಡಿಗೆ ಸಾಗಿಸಿದ್ದ. ಅಲ್ಲಿಗೆ ಈ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಬೇರೆಯವರ ತಾಯಂದಿರಿಗೆ ದಾರಿ ತೆರೆದವಳಿಗೆ ತನ್ನ ದಾರಿ ತೆರೆಯಲಿಲ್ಲ. 1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದ. ಗಾಯ ನಂಜಾಯಿತು. ತಾಯಿಗೆ ಸುದ್ದಿ ಮುಟ್ಟಿ, ಆಕೆ ಓಡಿ ಬರುವಷ್ಟರಲ್ಲಿ ಮಗು ತೀರಿಕೊಂಡಿತ್ತು. ಆತನಿಗೆ ಒಂಬತ್ತು ವರ್ಷ. ಅದಾದ ಮೇಲೆ ಜಾರ್ಜ್ ಉಳಿದಿಬ್ಬರು ಮಕ್ಕಳನ್ನು ನೋಡಲು ಆಕೆಗೆ ಅವಕಾಶ ಕೊಡತೊಡಗಿದ.

ದುಡಿದವಳು ಒಬ್ಬಳು, ಹಣ ಇನ್ನೊಬ್ಬನದು

1848ರಲ್ಲಿ ಇಬ್ಬರೂ ಬೇರೆಯಾಗಿ ಬದುಕುವ ಕರಾರಿಗೆ ಸಹಿ ಹಾಕಿದರು. ವರ್ಷಕ್ಕೆ 500 ಪೌಂಡ್ ಕೊಡುವುದಾಗಿ ಜಾರ್ಜ್ ಒಪ್ಪಿದ್ದ. 1851ರಲ್ಲಿ ಕ್ಯಾರೊಲಿನ್ ತಾಯಿ ತೀರಿಕೊಂಡಾಗ ಮಗಳಿಗೆ ವಾರ್ಷಿಕ ವರಮಾನ ಬಿಟ್ಟುಹೋದರು. ಇನ್ನು ನಿನಗೇಕೆ ಹಣ ಎಂದು ಜಾರ್ಜ್ ಕೊಡುವುದನ್ನು ಕಡಿಮೆ ಮಾಡಲು, ನಂತರ ನಿಲ್ಲಿಸಲು ನೋಡಿದ. ಹೆಂಡತಿಯ ಸಾಲಕ್ಕೆ ಗಂಡನೇ ಹೊಣೆ ಎಂಬುದೂ ಆಗಿನ ಕಾನೂನು. ಹಾಗಾಗಿ ಆಕೆ ಸಾಲಗಾರರನ್ನು ಜಾರ್ಜ್ ಕಡೆಗೇ ಕಳಿಸಿದಳು. 1853ರಲ್ಲಿ ಸಾರೋಟಿನ ರಿಪೇರಿ ಬಾಕಿಯ ಒಂದು ಸಣ್ಣ ಬಿಲ್ ಕೋರ್ಟ್ ಮೆಟ್ಟಿಲೇರಿತು.

ಅಲ್ಲಿ ಹೊರಬಿದ್ದ ಸತ್ಯ ಆಕೆಯನ್ನು ಬೆಚ್ಚಿಬೀಳಿಸಿತು. 1848ರ ಕರಾರಿಗೆ ಕಾನೂನಿನಲ್ಲಿ ಬೆಲೆಯೇ ಇರಲಿಲ್ಲ. ಗಂಡ ಹೆಂಡತಿ ಒಂದೇ ವ್ಯಕ್ತಿಯಾದ ಮೇಲೆ ತನ್ನೊಂದಿಗೆ ತಾನೇ ಕರಾರು ಮಾಡಿಕೊಳ್ಳಲು ಬರುತ್ತದೆಯೇ? ಅಷ್ಟೇ ಅಲ್ಲ, ಆಕೆಯ ಪುಸ್ತಕಗಳಿಗೆ ಎಷ್ಟು ಹಣ ಬಂದಿದೆ ಎಂದು ತಿಳಿಯಲು ಜಾರ್ಜ್ ಪ್ರಕಾಶಕರನ್ನೇ ಕೋರ್ಟಿಗೆ ಕರೆಸಿದ. ಆ ಹಣ ಕಾನೂನಿನ ಪ್ರಕಾರ ಅವನದೇ. ಅವಳು ಬರೆಯುತ್ತ ಹೋದಷ್ಟೂ ಅವನ ಜೇಬು ತುಂಬಬಹುದಿತ್ತು.

ಮತ್ತೆ ಆಕೆ ಲೇಖನಿ ಎತ್ತಿದಳು. 1854ರಲ್ಲಿ ಹೆಂಗಸರ ಪಾಲಿಗೆ ಇಂಗ್ಲೆಂಡಿನ ಕಾನೂನು ಹೇಗಿದೆ ಎಂಬ ಪುಸ್ತಕ, 1855ರಲ್ಲಿ ವಿಚ್ಛೇದನ ಮಸೂದೆಯ ಬಗ್ಗೆ ರಾಣಿ ವಿಕ್ಟೋರಿಯಾಗೆ ಬಹಿರಂಗ ಪತ್ರ. ಕಾನೂನಿನ ಕಣ್ಣಿಗೆ ಮದುವೆಯಾದ ಹೆಂಗಸು ಇಲ್ಲವೇ ಇಲ್ಲ, ಆದರೆ ಆ ಕಾನೂನಿಗೆ ಸಹಿ ಹಾಕುವವಳು ಮದುವೆಯಾದ ಒಬ್ಬ ಹೆಂಗಸು ಎಂಬ ವಿಪರ್ಯಾಸವನ್ನು ಆಕೆ ಎತ್ತಿ ತೋರಿದಳು.

1857: ರಕ್ಷಣಾ ಆದೇಶ ಹುಟ್ಟಿದ ಬಗೆ

ಕ್ಯಾರೊಲಿನ್ ಒಬ್ಬಳೇ ಹೋರಾಡಿದಳು ಎಂದರೆ ತಪ್ಪಾಗುತ್ತದೆ. ಬಾರ್ಬರಾ ಲೀ ಸ್ಮಿತ್ ಮತ್ತು ಗೆಳತಿಯರು ವಿವಾಹಿತೆಯರಿಗೆ ಆಸ್ತಿ ಹಕ್ಕು ಬೇಕೆಂದು ಸಾವಿರಾರು ಸಹಿ ಸಂಗ್ರಹಿಸಿ 1856ರಲ್ಲಿ ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟಿದ್ದರು. ಪೂರ್ಣ ಆಸ್ತಿ ಹಕ್ಕು ಕೊಡಲು ಸಂಸದರು ಸಿದ್ಧರಿರಲಿಲ್ಲ. ಬದಲಿಗೆ 1857ರ ವಿವಾಹ ವ್ಯಾಜ್ಯಗಳ ಕಾಯ್ದೆಯಲ್ಲಿ ಕೆಲವು ಕಲಮುಗಳು ಸೇರಿದವು. ಅವುಗಳ ಹಿಂದೆ ಕ್ಯಾರೊಲಿನ್ ಬರಹಗಳ ಒತ್ತಡ ಸ್ಪಷ್ಟವಾಗಿತ್ತು.

ಅದರ 21ನೇ ಕಲಮು ನಮಗೆ ಮುಖ್ಯ. ಗಂಡ ಬಿಟ್ಟುಹೋದ ಹೆಂಡತಿ ಲಂಡನ್ನಿನಲ್ಲಿದ್ದರೆ ಪೊಲೀಸ್ ಮ್ಯಾಜಿಸ್ಟ್ರೇಟ್ ಬಳಿ, ಹಳ್ಳಿಗಾಡಿನಲ್ಲಿದ್ದರೆ ಸ್ಥಳೀಯ ನ್ಯಾಯಾಧಿಕಾರಿಗಳ ಬಳಿ ಹೋಗಿ ತನ್ನ ದುಡಿಮೆಗೆ, ಸ್ವತ್ತಿಗೆ ರಕ್ಷಣಾ ಆದೇಶ ಕೇಳಬಹುದು. ದುಬಾರಿ ವಕೀಲರು, ದೊಡ್ಡ ಕೋರ್ಟು ಬೇಕಿಲ್ಲ. ಆದೇಶವಾದ ಮೇಲೂ ಗಂಡ ಅಥವಾ ಅವನ ಸಾಲಗಾರರು ಆಕೆಯ ವಸ್ತುವನ್ನು ಎತ್ತಿಕೊಂಡು ಹೋದರೆ ಅದನ್ನು ಮರಳಿಸಬೇಕು, ಜೊತೆಗೆ ಅದರ ಬೆಲೆಯ ಎರಡು ಪಟ್ಟು ಹಣ ತೆರಬೇಕು. ಕೋರ್ಟಿನ ಮೂಲಕ ಬೇರೆಯಾದ ಹೆಂಡತಿ ತನ್ನ ಹೆಸರಿನಲ್ಲೇ ಕರಾರು ಮಾಡಬಹುದು, ದಾವೆ ಹೂಡಬಹುದು. ಸಂತೆಯಲ್ಲಿ ತರಕಾರಿ ಮಾರುವ, ಬಟ್ಟೆ ಒಗೆದು ಬದುಕುವ ಹೆಂಗಸಿಗೂ ಈ ಬಾಗಿಲು ಎಟುಕುವಂತಿತ್ತು. ಅಂಥ ಆದೇಶ ಕೊಡಬೇಕಾದ ಅಧಿಕಾರಿ ಯಾರು ನೋಡಿ. ಜಾರ್ಜ್ ನಾರ್ಟನ್ ಪಡೆದಿದ್ದಂಥದೇ ಹುದ್ದೆಯ ಮ್ಯಾಜಿಸ್ಟ್ರೇಟ್!

ಕೊರತೆಗಳೂ ದೊಡ್ಡವೇ. ಆದೇಶ ರಕ್ಷಿಸಿದ್ದು ಹಣವನ್ನು, ಮೈಯನ್ನಲ್ಲ. ಬಿಟ್ಟುಹೋದ ಗಂಡನಿಗೆ ಅದು ಅನ್ವಯ, ಮನೆಯಲ್ಲೇ ಇದ್ದು ಹೊಡೆಯುವವನಿಗಲ್ಲ. ಮನೆಯಲ್ಲಿ ಇರುವ ಹಕ್ಕಿನ ಮಾತೇ ಇರಲಿಲ್ಲ. ಹೊಡೆದು ಶಿಕ್ಷೆಗೊಳಗಾದ ಗಂಡನಿಂದ ಹೆಂಡತಿ ಬೇರೆಯಿರಲು ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು ಎಂಬ ಕಾಯ್ದೆ ಬಂದದ್ದು 1878ರಲ್ಲಿ, ಫ್ರಾನ್ಸಿಸ್ ಪವರ್ ಕಾಬ್ ಎಂಬ ಮತ್ತೊಬ್ಬ ಬರಹಗಾರ್ತಿಯ ಹೋರಾಟದ ಫಲವಾಗಿ. ಕಿರುಕುಳ ಕೊಡಬೇಡ, ಮನೆ ಬಿಟ್ಟು ಹೊರಡು ಎಂದು ಹೊಡೆಯುವವನಿಗೇ ಹೇಳುವ ಅಧಿಕಾರವನ್ನು ಇಂಗ್ಲೆಂಡಿನ ಸ್ಥಳೀಯ ಕೋರ್ಟುಗಳಿಗೆ ಸ್ಪಷ್ಟವಾಗಿ ಕೊಟ್ಟದ್ದು 1976ರ ಕಾಯ್ದೆ. ಈಗ ಅಲ್ಲಿ 1996ರ ಕುಟುಂಬ ಕಾಯ್ದೆಯಡಿ ಇವೆರಡಕ್ಕೂ ಪ್ರತ್ಯೇಕ ಆದೇಶಗಳಿವೆ.

ಭಾರತಕ್ಕೆ ಬಂದ ಎಳೆ

1857ರ ಈ ಕಲ್ಪನೆ ಹಡಗು ಹತ್ತಿ ಭಾರತಕ್ಕೂ ಬಂತು. ಕ್ರೈಸ್ತರಿಗಾಗಿ ರೂಪಿಸಿದ 1869ರ ಭಾರತೀಯ ವಿಚ್ಛೇದನ ಕಾಯ್ದೆಯ 27ನೇ ಕಲಮು, ಗಂಡ ಬಿಟ್ಟುಹೋದ ಹೆಂಡತಿಯ ಸ್ವತ್ತಿಗೆ ರಕ್ಷಣಾ ಆದೇಶದ ಮಾತಾಡುತ್ತದೆ. ಇನ್ನೊಂದು ಎಳೆ ರಕ್ತಸಂಬಂಧದ್ದು. ಕ್ಯಾರೊಲಿನ್ ಅಕ್ಕ ಹೆಲೆನ್‌ಳ ಮಗನೇ 1884ರಿಂದ 1888ರವರೆಗೆ ಭಾರತದ ವೈಸ್‌ರಾಯ್ ಆಗಿದ್ದ ಲಾರ್ಡ್ ಡಫರಿನ್. ಅದೇ ವರ್ಷಗಳಲ್ಲಿ ಮುಂಬೈ ಹೈಕೋರ್ಟಿನಲ್ಲಿ ರಖ್ಮಾಬಾಯಿ ಪ್ರಕರಣ ನಡೆಯಿತು. 11ನೇ ವಯಸ್ಸಿನಲ್ಲಿ ಮದುವೆಯಾಗಿದ್ದ ರಖ್ಮಾಬಾಯಿ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ಹೋಗಬೇಕು, ಇಲ್ಲವಾದರೆ ಆರು ತಿಂಗಳ ಜೈಲು ಎಂದು 1887ರಲ್ಲಿ ಕೋರ್ಟ್ ಹೇಳಿತು. ಜೈಲೇ ಆಗಲಿ ಎಂದ ಆಕೆ ಮುಂದೆ ಹೆಸರಾಂತ ವೈದ್ಯೆಯಾದದ್ದು ಬೇರೆಯೇ ಕಥೆ. ಒಬ್ಬಳನ್ನು ಗಂಡನ ಮನೆಯೊಳಗೆ ಬಿಡಲಿಲ್ಲ, ಇನ್ನೊಬ್ಬಳನ್ನು ಒಳಗೆ ದಬ್ಬಲು ನೋಡಿದರು. ಎರಡೂ ಕಡೆ ಹೆಣ್ಣಿನ ಇಚ್ಛೆಗೆ ಕಾನೂನಿನಲ್ಲಿ ಜಾಗವಿರಲಿಲ್ಲ.

ನಮ್ಮಲ್ಲಿ ದೊಡ್ಡ ಬದಲಾವಣೆ ತಂದದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. 2006ರ ಅಕ್ಟೋಬರ್ 26ರಿಂದ ಇದು ಜಾರಿಯಲ್ಲಿದೆ. ಇದರ 17ನೇ ಕಲಮು, ಮನೆ ಯಾರ ಹೆಸರಿನಲ್ಲೇ ಇರಲಿ, ಹೆಂಡತಿಗೆ ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕು ಕೊಡುತ್ತದೆ. ಕಾನೂನಿನ ಕ್ರಮವಿಲ್ಲದೆ ಆಕೆಯನ್ನು ಹೊರಹಾಕುವಂತಿಲ್ಲ. 18ನೇ ಕಲಮಿನಡಿ ಕಿರುಕುಳ ತಡೆಯುವ ರಕ್ಷಣಾ ಆದೇಶ, 19ನೇ ಕಲಮಿನಡಿ ವಾಸದ ಆದೇಶ ಸಿಗುತ್ತದೆ. ಅಗತ್ಯವಿದ್ದರೆ ಗಂಡನಿಗೇ ಮನೆ ಬಿಡಲು ಹೇಳಬಹುದು, ಆದರೆ ಮನೆಯಲ್ಲಿರುವ ಇತರ ಹೆಂಗಸರಿಗೆ ಹಾಗೆ ಹೇಳುವಂತಿಲ್ಲ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅತ್ತೆ ಮಾವನ ಹೆಸರಿನಲ್ಲಿರುವ ಮನೆಯಾದರೂ ಸೊಸೆ ಅಲ್ಲಿ ಬಾಳಿದ್ದರೆ ಈ ಹಕ್ಕು ಕೇಳಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ವಯಸ್ಸಾದ ಅತ್ತೆ ಮಾವನ ನೆಮ್ಮದಿಯನ್ನೂ ಕೋರ್ಟ್ ತೂಗಿ ನೋಡಬೇಕು ಎಂದೂ ಹೇಳಿತು.

ಊರು ಬಿಟ್ಟು ಊರಿಗೆ ಮದುವೆಯಾಗಿ ಹೋದವರಿಗೆ ಇನ್ನೊಂದು ಅನುಕೂಲ. ಪುಣೆಯಲ್ಲಿ ಗಂಡನ ಮನೆಯಿದ್ದು, ಹೊರಹಾಕಿದ್ದರಿಂದ ತಾತ್ಕಾಲಿಕವಾಗಿ ಧಾರವಾಡದ ತವರಿನಲ್ಲಿದ್ದರೆ ಧಾರವಾಡದಲ್ಲೇ ಅರ್ಜಿ ಹಾಕಬಹುದು. ಆ ಆದೇಶ ದೇಶದ ಎಲ್ಲ ಕಡೆ ಅನ್ವಯಿಸುತ್ತದೆ. ಮಕ್ಕಳನ್ನು ಸ್ಕಾಟ್ಲೆಂಡಿಗೆ ಸಾಗಿಸಿ ಕಾನೂನಿನಿಂದ ಜಾರಿಕೊಂಡ ಜಾರ್ಜ್‌ನ ಉಪಾಯ ಇಲ್ಲಿ ನಡೆಯುವುದಿಲ್ಲ.

ಕೊನೆಯ ದಿನಗಳು

ಕ್ಯಾರೊಲಿನ್‌ಗೆ ತಾನು ಬರೆಸಿದ ಯಾವ ಕಾನೂನೂ ಪೂರ್ತಿ ದಕ್ಕಲಿಲ್ಲ. 1857ರ ಕಾಯ್ದೆಯಲ್ಲೂ ಹೆಂಡತಿ ವಿಚ್ಛೇದನ ಪಡೆಯಲು ಗಂಡನ ವ್ಯಭಿಚಾರದ ಜೊತೆಗೆ ಇನ್ನೊಂದು ತಪ್ಪನ್ನೂ ಸಾಬೀತು ಮಾಡಬೇಕಿತ್ತು. ಹಾಗಾಗಿ ಆಕೆ ಜಾರ್ಜ್‌ನ ಹೆಂಡತಿಯಾಗಿಯೇ ಉಳಿದಳು. ಹಿರಿಯ ಮಗ ಫ್ಲೆಚರ್ 1859ರಲ್ಲಿ ಪ್ಯಾರಿಸ್‌ನಲ್ಲಿ ಕ್ಷಯದಿಂದ ತೀರಿಕೊಂಡ. ಗಂಡು ಹೆಣ್ಣು ಸಂಪೂರ್ಣ ಸಮಾನರು ಎಂಬ ವಾದವನ್ನೂ ಆಕೆ ಮಾಡಿದವಳಲ್ಲ. ಆಕೆ ಕೇಳಿದ್ದು ರಕ್ಷಣೆ ಮಾತ್ರ. ಅಷ್ಟನ್ನು ಕೇಳಿದ್ದಕ್ಕೇ ಪತ್ರಿಕೆಗಳಲ್ಲಿ ಸಾಕಷ್ಟು ಬೈಗುಳ ತಿಂದಳು.

1875ರಲ್ಲಿ ಜಾರ್ಜ್ ಸತ್ತ. 48 ವರ್ಷಗಳ ಆ ಮದುವೆ ಮುಗಿದದ್ದು ಕೋರ್ಟಿನಿಂದಲ್ಲ, ಸಾವಿನಿಂದ. 1877ರ ಮಾರ್ಚ್‌ನಲ್ಲಿ, ಸುಮಾರು 69ನೇ ವಯಸ್ಸಿನಲ್ಲಿ, ಹಳೆಯ ಸ್ನೇಹಿತ ಸರ್ ವಿಲಿಯಂ ಸ್ಟರ್ಲಿಂಗ್ ಮ್ಯಾಕ್ಸ್‌ವೆಲ್ ಅವರನ್ನು ಆಕೆ ಮದುವೆಯಾದಳು. ಮೂರೂವರೆ ತಿಂಗಳಲ್ಲಿ, ಜೂನ್ 15ರಂದು, ಕಣ್ಣುಮುಚ್ಚಿದಳು.

ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಸಭಾಂಗಣದ ಗೋಡೆಯ ಮೇಲೆ ಡೇನಿಯಲ್ ಮ್ಯಾಕ್ಲಿಸ್ ಎಂಬ ಕಲಾವಿದ ಬಿಡಿಸಿದ ನ್ಯಾಯದೇವತೆಯ ಚಿತ್ರವಿದೆ. ಅದಕ್ಕೆ ರೂಪದರ್ಶಿಯಾಗಿ ನಿಂತವಳು ಕ್ಯಾರೊಲಿನ್. 1838ರಲ್ಲಿ ಆಕೆಯ ಮಸೂದೆಯನ್ನು ತಳ್ಳಿಹಾಕಿದ್ದು ಅದೇ ಲಾರ್ಡ್‌ಗಳ ಸಭೆ. ಕಾನೂನು ಯಾರನ್ನು ವ್ಯಕ್ತಿಯೆಂದೇ ಒಪ್ಪಿರಲಿಲ್ಲವೋ, ಅವಳದೇ ಮುಖ ನ್ಯಾಯದ ಮುಖವಾಗಿ ಅಲ್ಲಿ ನಿಂತಿದೆ.

ಕೋರ್ಟಿನ ಆದೇಶ ಎಂದರೆ ಬರೀ ಒಂದು ಹಾಳೆ ಎಂದು ಹಲವರು ಹೇಳುತ್ತಾರೆ. ಆ ಹಾಳೆ ಇಲ್ಲದೆ ಒಬ್ಬ ತಾಯಿ ತನ್ನ ಮನೆ, ತನ್ನ ದುಡಿಮೆ, ತನ್ನ ಮಗುವಿನ ಕೊನೆಯ ಗಳಿಗೆ ಮೂರನ್ನೂ ಕಳೆದುಕೊಂಡಳು. ನಿಮ್ಮ ಪಕ್ಕದ ಮನೆಯಲ್ಲಿ, ನೆಂಟರಲ್ಲಿ ಯಾರಾದರೂ ಬೀಗ ಬಿದ್ದ ಬಾಗಿಲ ಮುಂದೆ ನಿಂತಿದ್ದರೆ, ಹೊಂದಿಕೊಂಡು ಹೋಗು ಎನ್ನುವ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲು ತೆರೆದಿದೆ ಎಂದು ತಿಳಿಸಿ. ಜಿಲ್ಲೆಯ ಸಂರಕ್ಷಣಾಧಿಕಾರಿ ಅರ್ಜಿ ಬರೆಯಲು ನೆರವಾಗುತ್ತಾರೆ, ಕಾನೂನು ಸೇವಾ ಪ್ರಾಧಿಕಾರ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕ್ಯಾರೊಲಿನ್‌ಗೆ ಇವರಲ್ಲಿ ಯಾರೂ ಇರಲಿಲ್ಲ.